ನಾಲ್ಕು ಗಂಟೆಯ ಬೆಲ್ಲು ಹನ್ನೊಂದಕ್ಕೇ ಹೊಡೆದಾಗ

ಕಳೆದ ಸೋಮವಾರ ಗುಬ್ಬಿ ಹತ್ತಿರದ ಒಂದು ಹೈಸ್ಕೂಲು ಬೆಳಿಗ್ಗೆ ಹನ್ನೊಂದಕ್ಕೇ ಬಿಟ್ಟಿತು. ಬಿಡಿಸಿದ್ದು ನನ್ನ ಮೊಮ್ಮಗಳು.

ಸಿಂಚನ ತುಮಕೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ. ಅವಳ ಪ್ರಾಜೆಕ್ಟ್ ಏನು ಗೊತ್ತೇ? ಮಕ್ಕಳು ಕನ್ನಡದಲ್ಲೇ ಪ್ರೋಗ್ರಾಂ ಬರೆಯಲು ಒಂದು ಪುಟ್ಟ ಕಂಪ್ಯೂಟರ್ ಭಾಷೆ. ಅದನ್ನು ಒಂದು ಶಾಲೆಯಲ್ಲಿ ನಡೆಸಿ ತೋರಿಸಿ, ಹೆಡ್‌ಮಾಸ್ಟರ್ ಸಹಿ ಮಾಡಿದ ಪತ್ರ ತರಬೇಕು. ಶುಕ್ರವಾರದೊಳಗೆ ಪತ್ರ ಬಾರದಿದ್ದರೆ ಪ್ರಾಜೆಕ್ಟ್ ಫೇಲು.

ಗುಬ್ಬಿ ಹತ್ತಿರದ ಆ ಹೈಸ್ಕೂಲಿನ ಹೆಡ್‌ಮಾಸ್ಟರ್ ನಂಜುಂಡಪ್ಪ ನನ್ನ ಹಳೆಯ ವಿದ್ಯಾರ್ಥಿ. (ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳಿಗೆ ಜಿಲ್ಲೆಯ ಯಾವ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿ ಸಿಗುವುದಿಲ್ಲ?) ಹಾಗಾಗಿ ನಾನೂ ಜೊತೆಗೆ ಹೋಗಿದ್ದೆ.

ಸಿಂಚನ ಶಾಲೆಯ ಕರೆಂಟ್ ಬೆಲ್ಲನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಶಾಲೆ ಬಿಡುವಾಗ ಹೊಡೆಯುವ ಬೆಲ್ಲಿಗೆ ‘ಉದ್ದಬೆಲ್’ ಎಂದು ಹೆಸರಿಟ್ಟಳು. ಒಂಬತ್ತನೇ ಕ್ಲಾಸಿನ ಕಾವ್ಯ ‘ನಾಲ್ಕು ಗಂಟೆಗೆ ಉದ್ದಬೆಲ್’ ಎಂದು ಟೈಪ್ ಮಾಡಿ ಗುಂಡಿ ಒತ್ತಿದಳು.

ಬೆಲ್ ಆ ಕ್ಷಣವೇ ಹೊಡೆಯಿತು. ಉದ್ದಕ್ಕೆ!

ಮಕ್ಕಳು ಗಡಿಯಾರ ನೋಡುತ್ತಾರೆಯೇ? ಬ್ಯಾಗು ಹೆಗಲಿಗೇರಿತು. ಬಿಸಿಯೂಟದ ಅಡುಗೆಯಾಕೆ ಸೌಟು ಹಿಡಿದು ಗೇಟಿನವರೆಗೂ ಓಡಿದಳು. “ಲೇ, ಅನ್ನ ಬೇಯ್ತಾ ಐತೆ ಕಣ್ರೋ! ಉಂಡ್ಕಂಡಾದ್ರೂ ಹೋಗ್ರೋ!”

ನಂಜುಂಡಪ್ಪ ಬೆವರು ಒರೆಸಿಕೊಂಡ. “ಮೇಡಂ, ನಿಮ್ ಮೇಲೆ ಗೌರವ ಐತೆ. ಆದ್ರೆ ಈಗ ಬಿ.ಇ.ಓ. ಬಂದ್ರೆ ನನ್ ಗತಿ ಏನು? ಪತ್ರ ಗಿತ್ರ ಆಮೇಲ್ ನೋಡಣ. ಮೊದ್ಲು ಇದನ್ನ ಎತ್ಕಂಡ್ ಹೋಗ್ಬುಡಿ.”

ವಾಪಸ್ ಬಸ್ಸಿನಲ್ಲಿ ಸಿಂಚನ ವಿವರಿಸಿದಳು. ಅವಳ ಭಾಷೆಯಲ್ಲಿ ಕೆಲಸದ ಹೆಸರು ಬರೆದರೆ ಸಾಕು, ಕೆಲಸ ತಕ್ಷಣ ನಡೆಯುತ್ತದೆ. ಈಗ ಬೇಡ, ಹೆಸರನ್ನು ಮಾತ್ರ ನೆನಪಿಟ್ಟುಕೊಂಡು ಹೇಳಿದ ಹೊತ್ತಿಗೆ ನಡೆಸು ಎನ್ನುವುದಾದರೆ ಹೆಸರಿನ ಮೊದಲು ಒಂದು ನಕ್ಷತ್ರದ ಗುರುತು ಹಾಕಬೇಕು. ಕಾವ್ಯ ಹಾಕಿರಲಿಲ್ಲ.

“ಹಾಗಾದ್ರೆ ತಪ್ಪು ಅವಳದ್ದೇ,” ಎಂದೆ. “ಹತ್ತು ಸಲ ಬರೆಸು. ತಾನಾಗೇ ಬರುತ್ತೆ.”

“ಅಜ್ಜಿ, ಮೊದ್ಲು ಅವಳ ಕ್ಲಾಸಿನವ್ರ ಕೈಲೆಲ್ಲ ನನ್ನ ನೋಟ್‌ಬುಕ್‌ನಲ್ಲಿ ಬರೆಸಿದ್ದೆ. ಈಗ ತೆಗೆದು ನೋಡಿದ್ರೆ ಇಪ್ಪತ್ತು ಜನದಲ್ಲಿ ಹದಿನೆಂಟು ಜನ ನಕ್ಷತ್ರ ಬಿಟ್ಟಿದಾರೆ. ಎಲ್ರ ಕೈಲೂ ಹತ್ತತ್ತು ಸಲ ಬರೆಸ್ಲಾ?”

ಹದಿನೆಂಟು ಎಂದಾಗ ನನ್ನ ಡ್ರಿಲ್ ಕ್ಲಾಸು ನೆನಪಾಯಿತು. “ನೋಡು, ಡ್ರಿಲ್‌ನಲ್ಲಿ ನಾನು ‘ದಾಹಿನೆ’ ಅಂದಾಗ ಯಾರೂ ಅಲ್ಲಾಡಲ್ಲ. ಬಲಕ್ಕೆ ತಿರುಗ್ಬೇಕು ಅಂತ ಗೊತ್ತಾಗುತ್ತೆ, ಅಷ್ಟೇ. ‘ಮುಡ್’ ಅಂದ್ಮೇಲೇ ತಿರುಗೋದು. ನಡೆಸೋಕೆ ಬೇರೆ ಪದ ಇರ್ಬೇಕು. ಸುಮ್ನೆ ನಿಂತ್ಕೊಳ್ಳೋಕೂ ಯಾರಾದ್ರೂ ಗುರುತು ಕೇಳ್ತಾರಾ?”

“ಅಜ್ಜಿ! ಇನ್ನೊಂದ್ಸಲ ಹೇಳು,” ಎಂದವಳು ಬಸ್ಸಿನಲ್ಲೇ ಲ್ಯಾಪ್‌ಟಾಪ್ ತೆರೆದಳು.

ಎರಡು ದಿನ ಕೂತು ನಿಯಮ ತಿರುಗಿಸಿದಳು. ಹೆಸರು ಬರೆದರೆ ಅದು ಹೆಸರಷ್ಟೇ; ಜೊತೆಗೆ ಹೊತ್ತು ಬರೆದಿದ್ದರೆ ಆ ಹೊತ್ತಿಗೆ ಕೆಲಸ ನಡೆಯುತ್ತದೆ. ಈಗಲೇ ನಡೆಯಬೇಕಾದರೆ ಪಕ್ಕದಲ್ಲಿ ‘ನಡೆಸು’ ಎಂದು ಬರೆಯಬೇಕು. ಶಿಸ್ತಿಗೆ ಇರಲಿ, ನಕ್ಷತ್ರವನ್ನೂ ಇಟ್ಟುಕೋ ಎಂದು ಸಲಹೆ ಕೊಟ್ಟೆ. “ಶಿಸ್ತು ನಿನ್ನತ್ರಾನೇ ಇರ್ಲಿ ಅಜ್ಜಿ,” ಎಂದು ಅಳಿಸಿಹಾಕಿದಳು.

ಗುರುವಾರ ನನ್ನ ಮುಖ ನೋಡಿ ನಂಜುಂಡಪ್ಪ ಇನ್ನೊಂದು ಅವಕಾಶ ಕೊಟ್ಟ. ಆದರೆ ಮೊದಲು ಗೇಟಿಗೆ ಬೀಗ ಹಾಕಿಸಿದ! ಕಾವ್ಯ ಟೈಪ್ ಮಾಡಿದಳು. ‘ನಾಲ್ಕು ಗಂಟೆಗೆ ಉದ್ದಬೆಲ್.’ ಗುಂಡಿ ಒತ್ತಿದಳು.

ಸದ್ದಿಲ್ಲ. ಸಿಂಚನ ನನ್ನ ಕೈ ಹಿಡಿದುಕೊಂಡಿದ್ದಳು.

“ಏನವ್ವ ಇದು, ಕೆಟ್ಟೋಯ್ತಾ?” ಎಂದ ನಂಜುಂಡಪ್ಪ.

“ಇಲ್ಲ ಸಾರ್,” ಎಂದಳು ಕಾವ್ಯ. “ಹೆಸ್ರು ಹೇಳಿದೀನಿ. ನಡೆಸು ಅಂದಿಲ್ಲ.”

ನಾಲ್ಕಕ್ಕೆ ಸರಿಯಾಗಿ ಬೆಲ್ ಹೊಡೆಯಿತು. ನಾಲ್ಕೂ ಐದಕ್ಕೆ ಪತ್ರಕ್ಕೆ ಸಹಿ ಬಿತ್ತು.

ಸಿಂಚನ ಆರಾಮಾಗಿ ನಿದ್ದೆ ಮಾಡಿದಳು. ನನಗೆ ಬರಲಿಲ್ಲ. ಕಾವ್ಯ ಗುರುವಾರ ಬರೆದದ್ದು ಸೋಮವಾರದ್ದೇ ಸಾಲು. ಒಂದಕ್ಷರವೂ ಬದಲಾಗಿರಲಿಲ್ಲ. ಸೋಮವಾರ ಅದನ್ನು ಅವಳ ತಪ್ಪು ಎಂದವಳು ನಾನು.

ಹೇಳಿ, ತಪ್ಪು ಮಾಡಿದರೆಂದು ನಾನು ಮೈದಾನದ ಸುತ್ತ ಓಡಿಸಿದ ಮಕ್ಕಳಲ್ಲಿ ಎಷ್ಟು ಜನ ನಿಜಕ್ಕೂ ತಪ್ಪು ಮಾಡಿದ್ದರು?