ಎಲ್ಲವೂ ಒಳಗೇ ಇರುವ ಫೈಲು

ಇವತ್ತು ಬೆಳಿಗ್ಗೆ ಬರೆಯಲು ಕುಳಿತೆ. ಒಂದೇ ಒತ್ತಿಗೆ ಪರದೆಯ ಮೇಲೆ ಕನ್ನಡ ಅಕ್ಷರಗಳ ಮಣೆ ತೆರೆದುಕೊಂಡಿತು. ಮೂರು ತಿಂಗಳಿಂದ ಹೀಗೇ, ಒಂದು ದಿನವೂ ತಕರಾರಿಲ್ಲ. ಮೊಮ್ಮಕ್ಕಳೇ, ನಗಬೇಡಿ, ಅದನ್ನು ನೋಡಿ ನನಗೆ ಒಂದಿಷ್ಟು ಬೇಸರವಾಯಿತು.

ಇದನ್ನು ಮಾಡಿಕೊಟ್ಟವಳು ನಿಮ್ಮೆಲ್ಲರಲ್ಲಿ ಹಿರಿಯಳಾದ ಸುಮಾ, ಇದೇ ಊರಿನ ಉಪ್ಪಲ್‌ನಲ್ಲಿ ಇಂಥದೇ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಕೆಲಸ ಮಾಡುವವಳು. ಅವಳು ಮೊದಲು ಕೊಟ್ಟ ಪ್ರೋಗ್ರಾಂ ತೆಳ್ಳಗಿತ್ತು. ಆದರೆ ತನಗೆ ಬೇಕಾದ ಅರ್ಧ ಸಾಮಾನನ್ನು ಕಂಪ್ಯೂಟರಿನಿಂದಲೇ ಕೇಳಿ ಪಡೆಯುತ್ತಿತ್ತು. ಕಂಪ್ಯೂಟರು ತನ್ನನ್ನು ತಾನೇ ಹೊಸದು ಮಾಡಿಕೊಂಡಾಗಲೆಲ್ಲ ಆ ಸಾಮಾನು ಬದಲಾಗುತ್ತಿತ್ತು. ಆಗ ಪ್ರೋಗ್ರಾಂ, ಅದಿಲ್ಲ ಇದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಮುಷ್ಕರ ಹೂಡುತ್ತಿತ್ತು. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಪರದೆ ಮುಚ್ಚಿ ಸುಮ್ಮನಾಗುತ್ತಿದ್ದೆ.

ಯಾರನ್ನಾದರೂ ಕೇಳಬಹುದಿತ್ತು. ನನಗೆ ಕೇಳುವುದೊಂದು ಬರುವುದಿಲ್ಲ. ಬಸ್ಸಿನಲ್ಲಿ ನಾನಿಳಿಯಬೇಕಾದ ದಿಲ್‌ಸುಖ್‌ನಗರ ಬಂತೇ ಎಂದು ಕೇಳಲು ನಾಚಿ, ಎರಡು ಸ್ಟಾಪು ಮುಂದೆ ಇಳಿದು ನಡೆದು ಬಂದವಳು ನಾನು.

ಕೊನೆಗೆ ಸುಮಾ ತಾನೇ ಕೆಳಗಿನ ಮನೆಯ ಶಮೀಮ್ ಟೀಚರಿಗೆ ಫೋನು ಮಾಡಿದಳು. ನಿವೃತ್ತರಾದ ಅವರೂ ನನ್ನ ಹಾಗೆ ಒಬ್ಬರೇ. ಪ್ರೋಗ್ರಾಂ ಕೆಟ್ಟಾಗಲೆಲ್ಲ ಕನ್ನಡಕ ಹಿಡಿದು ಮೆಟ್ಟಿಲು ಹತ್ತಿ ಬರುವರು. ಬಾಗಿಲಲ್ಲೇ, “ಕ್ಯಾ ಅಮ್ಮಾ, ಫಿರ್ ರೂಠ್ ಗಯಾ ಕ್ಯಾ?” ಮತ್ತೆ ಮುನಿಸಿಕೊಂಡಿತೇ ಎಂದು. ಫೋನಿನಲ್ಲಿ ಸುಮಾ ಹೇಳಿದಂತೆ ಹತ್ತು ನಿಮಿಷದಲ್ಲಿ ರಿಪೇರಿ ಮುಗಿಸುವರು. ಆಮೇಲೆ ಚಹಾ, ಅವರು ಕಲಿಸಿದ ಮಕ್ಕಳ ಕತೆ, ತೀರಿಕೊಂಡ ಗಂಡನ ಸಿಟ್ಟಿನ ಕತೆ. ಅದು ಒಂದೂವರೆ ತಾಸು.

ಆಮೇಲೆ ಸುಮಾ ಈ ಹೊಸ ಫೈಲು ತಂದಳು.

“ಅಜ್ಜಿ, ಇನ್ನ ನೀ ಯಾರನ್ನೂ ಕೇಳೂದು ಬ್ಯಾಡ. ಇದಕ್ಕ ಏನೇನು ಬೇಕೋ ಎಲ್ಲಾ ಇದರೊಳಗೇ ಕೂಡಿಸೀನಿ. ಸ್ಟ್ಯಾಟಿಕ್ ಅಂತಾರ ಇದಕ್ಕ.”

“ದಪ್ಪ ಆಗೇತೇನ?”

“ಹತ್ತಪಟ್ಟು! ಆದ್ರ ಯಾರ ಮುಂದೂ ಬಾಯಿ ತಗಿಯೂದಿಲ್ಲ, ನಿನ್ನಂಗ.”

ನಮ್ಮ ಭಜನಾ ಮಂಡಳಿಯ ಹೆಂಗಸರಿಗೂ ಅದನ್ನೇ ಕಳಿಸಿದಳು. ಜೋಡಿಸುವುದು ಕೂಡಿಸುವುದು ಏನಿಲ್ಲ, ಇಟ್ಟುಕೊಂಡು ಒತ್ತಿದರಾಯಿತು. ಮೊಮ್ಮಕ್ಕಳ ಬಿಡುವಿಗೆ ಕಾಯುತ್ತಿದ್ದವರು ಈಗ ತಾವೇ ಊರಿಗೆ ಕಾಗದ ಬರೆಯುತ್ತಾರೆ. ಅದು ಸಣ್ಣ ಉಪಕಾರವಲ್ಲ.

‘ನಿನ್ನಂಗ’ ಅಂದಳಲ್ಲ, ಆಗ ನನಗೆ ನನ್ನ ಟ್ರಂಕು ನೆನಪಾಯಿತು. ಸೇಡಂ ಕಡೆಯ ಹಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಹೊರಟಾಗ ಅದನ್ನು ತುಂಬಿಕೊಟ್ಟವಳು ನನ್ನ ಅವ್ವ. “ನೀ ಬಾಯಿಬಿಟ್ಟು ಏನೂ ಕೇಳಾಕಿ ಅಲ್ಲ, ನನಗ ಗೊತ್ತೈತಿ” ಎಂದು ಸಾಬೂನು, ಸೂಜಿ ದಾರ, ಕೊಬ್ಬರಿ ಎಣ್ಣೆ, ಕಡ್ಡಿಪೆಟ್ಟಿಗೆ, ಒಂದು ಪೊಟ್ಟಣ ಉಪ್ಪು ಸಹ ಇಟ್ಟಿದ್ದಳು. ಗಂಡನ ಮನೆಯಲ್ಲಿ ಟ್ರಂಕು ಬಿಚ್ಚಿದಾಗ ಅತ್ತೆ ಆ ಪೊಟ್ಟಣ ಎತ್ತಿ ಹಿಡಿದರು. “ಅಯ್ಯ, ಉಪ್ಪೂ ತಂದಾಳ ನೋಡ್ರಿ! ನಾವು ಸಪ್ಪನ ಸಾರು ಉಣ್ಣೂ ಮಂದಿ ಅಂತ ಯಾರು ಹೇಳ್ಯಾರವಾ ನಿನಗ?”

ಅವ್ವನ ಲೆಕ್ಕ ತಪ್ಪಲಿಲ್ಲ. ಆರು ತಿಂಗಳು ನಾನು ಆ ಮನೆಯಲ್ಲಿ ಏನನ್ನೂ ಕೇಳಲಿಲ್ಲ. ನಿಮ್ಮ ಅಜ್ಜ ಕಚೇರಿಗೆ ಹೊರಡುವಾಗ, “ಏನರ ತರಲೇನು?” ಎಂದರೆ ತಲೆಯಾಡಿಸಿಬಿಡುತ್ತಿದ್ದೆ. ಒಂದು ದಿನ ಅತ್ತೆ ಅವರಿಗೆ ಹೇಳುವುದು ಕಿವಿಗೆ ಬಿತ್ತು: “ನಿನ್ನ ಹೇಣತಿ ಇನ್ನೂ ಮನಿಗೆ ಬಂದಿಲ್ಲಪಾ. ಟ್ರಂಕಿನಾಗೇ ಅದಾಳ.”

ಕೊನೆಗೆ ಎಣ್ಣೆ ಮುಗಿಯಿತು. ಎರಡು ದಿನ ಒಣ ತಲೆಯಲ್ಲೇ ಇದ್ದೆ. ಮೂರನೆಯ ದಿನ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, “ಅತ್ತೀ, ಎಣ್ಣಿ…” ಅಂದೆ. ಅತ್ತೆ ಬಾಟಲಿ ಕೊಡಲಿಲ್ಲ. ಒಲೆ ಸಣ್ಣ ಮಾಡಿ, ನನ್ನನ್ನು ಮುಂದೆ ಕೂರಿಸಿಕೊಂಡು ತಾವೇ ಹಚ್ಚಿದರು. ಸಿಕ್ಕು ಬಿಡಿಸುತ್ತ ಮೆಲ್ಲಗೆ, “ಬಂದೆಲ್ಲವಾ” ಅಂದರು.

ಶಮೀಮ್ ಟೀಚರು ಮೇಲೆ ಬಂದು ಮೂರು ತಿಂಗಳಾಯಿತು. ಗೇಟಿನಲ್ಲಿ ಒಮ್ಮೆ ಸಿಕ್ಕಾಗ, “ಸಬ್ ಠೀಕ್?” ಎಂದರು. “ಠೀಕ್” ಎಂದೆ. ಅಲ್ಲಿಗೆ ಮಾತು ಮುಗಿಯಿತು. ಫೈಲನ್ನೇ ಕೆಡಿಸಿ ಕರೆದರೆ ಹೇಗೆ ಎಂಬ ಕಳ್ಳ ಯೋಚನೆಯೂ ಬಂದಿತ್ತು. ಆದರೆ ಕೆಡಿಸಲು ಅದರಲ್ಲಿ ಬಿಡಿ ಭಾಗವೇ ಇಲ್ಲ.

ಇಷ್ಟು ಬರೆದು ಎದ್ದೆ. ಗಡಿಗೆಯಲ್ಲಿ ಉಳಿದಿದ್ದ ಮೊಸರನ್ನೆಲ್ಲ ಮಜ್ಜಿಗೆ ಮಾಡಿ ಕುಡಿದೆ, ಹೆಪ್ಪಿಗೆ ಒಂದು ಚಮಚವನ್ನೂ ಉಳಿಸದೆ. ಗಡಿಗೆ ತೊಳೆದಿಟ್ಟೆ. ಮೆಟ್ಟಿಲಿಳಿದು ಟೀಚರ ಬಾಗಿಲ ಮುಂದೆ ನಿಂತೆ. ಎರಡು ಸಲ ಕೈ ಎತ್ತಿ ಇಳಿಸಿದೆ. ಮೂರನೆಯ ಸಲ ಬಡಿದೆ.

“ಫಿರ್ ರೂಠ್ ಗಯಾ?” ಎನ್ನುತ್ತ ಅವರು ಆಗಲೇ ಕನ್ನಡಕಕ್ಕೆ ಕೈ ಹಾಕಿದ್ದರು.

“ನಹೀ ಟೀಚರ್. ಥೋಡಾ ದಹೀ ಹೋನಾ.” ಹಾಲಿಗೆ ಹೆಪ್ಪು ಹಾಕಲು ಸ್ವಲ್ಪ ಮೊಸರು ಬೇಕು ಎಂದೆ.

ಅವರು ನನ್ನ ಬರಿಗೈ ನೋಡಿದರು, ಮುಖ ನೋಡಿದರು. “ದಹೀ ಬಾದ್ ಮೇ. ಪೈಲೇ ಬೈಠೋ.” ಮೊಸರು ಆಮೇಲೆ, ಮೊದಲು ಕೂತುಕೊಳ್ಳಿ ಎಂದು ಚಹಾಕ್ಕೆ ನೀರಿಟ್ಟರು.

ಒಂದೂವರೆ ತಾಸು ಕಳೆದು ಮೇಲೆ ಬಂದು ಇದನ್ನು ಮುಗಿಸುತ್ತಿದ್ದೇನೆ. ಹಾಲಿಗೆ ಹೆಪ್ಪು ಹಾಕಿಯಾಯಿತು. ಅವರು ಮೊಸರು ಕೊಟ್ಟ ಸ್ಟೀಲಿನ ಬಟ್ಟಲು ಅಡಿಗೆ ಕಟ್ಟೆಯ ಮೇಲಿದೆ. ಬಟ್ಟಲನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ನಾಳೆ ಏನು ಹಾಕಿ ಒಯ್ಯಲಿ ಎಂದು ಯೋಚಿಸುತ್ತಿದ್ದೇನೆ.