ತಮ್ಮನ ಕಾಲ್ಗುಣ, ಊರಿನ ಶೀಲ್ಡು

ಇದನ್ನು ಬರೆಯುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಈ ಸಲ ರೋಣ ಕಬಡ್ಡಿ ಶೀಲ್ಡ್ ಗೆಲ್ಲಲಿ, ಊರೆಲ್ಲ ಖುಷಿಯಲ್ಲಿರುತ್ತದೆ, ಆಗ ನನ್ನ ತಪ್ಪನ್ನು ಹೇಳಿಕೊಂಡರೆ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದು ಅಂದುಕೊಂಡಿದ್ದೆ. ರೋಣ ಗೆಲ್ಲಲಿಲ್ಲ. ನಾನೂ ಬರೆಯಲಿಲ್ಲ. ನಮ್ಮ ತಂಡ ಆಡುವ ರೀತಿ ನೋಡಿದರೆ, ಇನ್ನೊಂದು ಗೆಲುವಿಗೆ ಕಾಯುತ್ತ ಕೂತರೆ ನಾನು ಹೇಳದೆಯೇ ಹೋಗುತ್ತೇನೆ.

ರೋಣ, ನರಗುಂದ, ಗಜೇಂದ್ರಗಡ, ಈ ಮೂರು ಊರುಗಳಲ್ಲಿ ಸರದಿಯ ಮೇಲೆ ಬೇಸಿಗೆಯಲ್ಲಿ ಕಬಡ್ಡಿ ಪಂದ್ಯ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ತಂಡಗಳೂ ಬರುತ್ತವೆ. ನರಗುಂದದವರಿಗೆ ಗುಡ್ಡವಿದೆ, ಗಜೇಂದ್ರಗಡದವರಿಗೆ ಕೋಟೆಯಿದೆ. ನಮಗೆ ಒಂದು ಶೀಲ್ಡ್ ಇದೆ. ಒಂದೇ. ಅದನ್ನು ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಮಿರ್ಚಿ ಕರಿಯುವ ಬಾಣಲೆ ಪಕ್ಕದಲ್ಲೇ ಇರುವುದರಿಂದ ಗಾಜಿಗೆ ಎಣ್ಣೆಯ ಹೊಗೆ ಹಿಡಿದು, ಒಳಗಿರುವುದು ಶೀಲ್ಡೋ ದೇವರ ಮುಖವಾಡವೋ ಎಂದು ಹೊಸಬರು ಕೇಳುತ್ತಾರೆ. ಆಗ ನಮ್ಮವರು ಚಹಾ ಆರುವವರೆಗೂ ಆ ಗೆಲುವಿನ ಕಥೆ ಹೇಳುತ್ತಾರೆ. ಪೆಟ್ಟಿಗೆಯನ್ನು ಮಾಡಿಸುವಾಗಲೇ ನಾಲ್ಕು ಶೀಲ್ಡ್ ಹಿಡಿಯುವಷ್ಟು ದೊಡ್ಡದು ಮಾಡಿಸಿದ್ದರು. ಉಳಿದ ಜಾಗದಲ್ಲಿ ಅಂಗಡಿಯವನು ಈಗ ಬಿಸ್ಕೀಟು ಪುಡಿಕೆ ಇಡುತ್ತಾನೆ.

ಆ ಗೆಲುವಿನ ವರ್ಷ ನಮ್ಮ ತಂಡಕ್ಕೆ ಹೊಸ ರೈಡರ್ ಬಂದಿದ್ದ. ನನ್ನ ತಮ್ಮನ ಮಗ. ತಮ್ಮ ಏಳನೆಯ ಇಯತ್ತೆಗೇ ಸಾಲಿ ಬಿಟ್ಟು ಟ್ರ್ಯಾಕ್ಟರ್ ರಿಪೇರಿ ಕಲಿತವನು. ನಾನು ಹೈಸ್ಕೂಲು ಮುಗಿಸಿ ಅಡತಿ ಅಂಗಡಿಯಲ್ಲಿ ಗುಮಾಸ್ತನಾದವನು. ಮನೆಯಲ್ಲಿ ಓದಿದವನು ಎಂದು ಹೆಸರು ಇದ್ದದ್ದು ನನಗೆ. ಫೈನಲ್ಲಿನ ದಿನ ಯಾವಗಲ್ ಎಂಬ ಹಳ್ಳಿಯ ಹೊಲವೊಂದರಲ್ಲಿ ಯಾರದೋ ಟ್ರ್ಯಾಕ್ಟರ್ ಕೆಟ್ಟು ನಿಂತಿತು. ತಮ್ಮ ಅದನ್ನು ಬಿಚ್ಚಿ ಜೋಡಿಸುವಷ್ಟರಲ್ಲಿ ಅತ್ತ ಪಂದ್ಯ ಮುಗಿದಿತ್ತು. ಮೆರವಣಿಗೆಗೆ ಬಂದು ಸೇರಿಕೊಂಡ. ಕೈಯಲ್ಲಿ ಗ್ರೀಸು ಹಾಗೆಯೇ ಇತ್ತು. ಎಲ್ಲರಿಗಿಂತ ಹೆಚ್ಚು ಕುಣಿದವನು, ಆಟ ನೋಡದೇ ಇದ್ದವನು.

ಗೆದ್ದ ಮೇಲೆ ನಮ್ಮ ಊರಿಗೆ ಒಂದು ರೋಗ ಹತ್ತಿತು. ಗೆದ್ದ ದಿನ ಯಾರು ಯಾರು ಏನೇನು ಮಾಡಿದ್ದರೋ ಅದನ್ನೇ ಮತ್ತೆ ಮಾಡಬೇಕು, ಆಗ ಮತ್ತೆ ಗೆಲ್ಲುತ್ತೇವೆ ಎಂಬ ನಂಬಿಕೆ. ಅಬ್ಬಿಗೇರಿಯ ನಮ್ಮ ಬೀಗರೊಬ್ಬರು ಅಂದು ಜ್ವರವೆಂದು ಸ್ವೆಟರ್ ಹಾಕಿಕೊಂಡು ಬಂದಿದ್ದರು. ಪ್ರತಿ ಬೇಸಿಗೆಯಲ್ಲಿ ಅವರಿಗೆ ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಕೂರಿಸುತ್ತಿದ್ದರು. ಇನ್ನೊಬ್ಬನಿಗೆ ಅಂದು ಹೊಟ್ಟೆ ಕೆಟ್ಟು, ಗೆಲುವಿನ ಪಾಯಿಂಟ್ ಬರುವಾಗ ಅವನು ತಂಬಿಗೆ ಹಿಡಿದು ಬಯಲಿಗೆ ಹೋಗಿದ್ದ. ಆಮೇಲೆ ಪ್ರತಿ ಪಂದ್ಯದ ಕೊನೆಯ ಹೊತ್ತಿಗೆ, ಅವನಿಗೆ ಬಂದಿರಲಿ ಬಿಡಲಿ, ಕೈಗೆ ತಂಬಿಗೆ ಕೊಟ್ಟು ಕಳಿಸುತ್ತಿದ್ದರು. "ಲಗೂ ಹೋಗಪಾ, ಎರಡ ಪಾಯಿಂಟ್ ಹಿಂದ ಅದೀವಿ" ಎಂದು ಹಿರಿಯರೂ ಗದರುತ್ತಿದ್ದರು. ಆಟಗಾರರು ಬೆಳಿಗ್ಗೆ ಓಡುತ್ತಾರೋ ಇಲ್ಲವೋ ಎಂದು ಕೇಳಿದವರನ್ನು ಮಾತ್ರ ನಾನು ಕಾಣಲಿಲ್ಲ.

ಮರುವರ್ಷ ತಮ್ಮ ಅಂಗಡಿಯ ಬಾಗಿಲು ಹಾಕಿ ಬಂದ. ರೈಡರನ ಅಪ್ಪನೆಂದು ಮುಂದಿನ ಸಾಲಿನಲ್ಲಿ ಕೈಯಿರುವ ಖುರ್ಚಿ ಕೊಟ್ಟರು. ನನ್ನನ್ನು ಹಿಂದೆ ಬೆಂಚಿನ ಮೇಲೆ ಕೂರಿಸಿದರು. ಮಗ ರೈಡಿಗೆ ಹೊರಟರೆ ತಮ್ಮನೂ ಖುರ್ಚಿಯಲ್ಲಿ ಉಸಿರು ಕಟ್ಟುತ್ತಿದ್ದ. ತುಟಿ ಮಾತ್ರ ಕಬಡ್ಡಿ, ಕಬಡ್ಡಿ ಎಂದು ಆಡುತ್ತಿದ್ದವು. ಮಗ ಗೆರೆ ಮುಟ್ಟಿ ಹಿಂದಿರುಗಿದಾಗಲೇ ಉಸಿರು ಬಿಡುತ್ತಿದ್ದ. ಕೊರಳ ನರ ಉಬ್ಬಿ ಮುಖ ಕೆಂಪಾಗುತ್ತಿತ್ತು. ಹಿಂದಿನಿಂದ ನೋಡುತ್ತಿದ್ದ ನನಗೆ ಅದು ಅತಿಯೆನಿಸಿತು. ಖರೇ ಹೇಳಬೇಕೆಂದರೆ, ಹೊಟ್ಟೆ ಉರಿಯಿತು. ಊರಲ್ಲಿ ನನ್ನನ್ನೂ ಜನ 'ರೈಡರನ ದೊಡ್ಡಪ್ಪ' ಎಂದು ಕರೆಯತೊಡಗಿದ್ದರು.

ಆ ಪಂದ್ಯ ಒಂದು ಪಾಯಿಂಟಿನಿಂದ ಹೋಯಿತು. ಸಂಜೆ ಚಹಾದಂಗಡಿಯಲ್ಲಿ ಎಲ್ಲರೂ ಹೆಣದ ಮುಂದೆ ಕೂತಂತೆ ಕೂತಿದ್ದರು. ತಮ್ಮ ಮನೆಗೆ ಹೋಗಿದ್ದ. ನಗಿಸೋಣವೆಂದು ನಾನು ಬಾಯಿ ಬಿಟ್ಟೆ.

"ಹೋದ ವರ್ಷ ನನ್ನ ತಮ್ಮ ಇದ್ದಿದ್ದಿಲ್ಲ, ಗೆದ್ವಿ. ಈ ವರ್ಷ ಇದ್ದ, ಸೋತ್ವಿ. ಮುಂದಿನ ವರ್ಷ ಯಾವಗಲ್‌ದಾಗ ಒಂದ ಟ್ರ್ಯಾಕ್ಟರ್ ಕೆಡೂ ಹಂಗ ನೋಡಕೋರಿ."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗುವುದನ್ನು ನಿಲ್ಲಿಸಿದರು. ಅನಾಹುತ ಆದದ್ದು ಅಲ್ಲಿ. ಸ್ವೆಟರಿನ ಬೀಗರು ಕಪ್ಪು ಕೆಳಗಿಟ್ಟು, "ನಗೂ ಮಾತಲ್ರಿ ಇದು. ಕಾಲ್ಗುಣ ಅನ್ನೂದು ಇರತೈತಿ" ಎಂದರು. ಕೂಡಲೇ ಇನ್ನೊಬ್ಬನಿಗೆ ನೆನಪಾಯಿತು, ತಮ್ಮ ಅಂಗಳಕ್ಕೆ ಕಾಲಿಟ್ಟ ಹೊತ್ತಿಗೇ ನರಗುಂದದವರು ಮೊದಲ ಪಾಯಿಂಟ್ ತೆಗೆದದ್ದು. ಮತ್ತೊಬ್ಬನಿಗೆ ತಮ್ಮ ರಿಪೇರಿ ಮಾಡಿದ ಟ್ರ್ಯಾಕ್ಟರ್ ಮತ್ತೆ ಕೆಟ್ಟದ್ದು ನೆನಪಾಯಿತು. ನಾನು ಹೇಳಿದ್ದು ತಮಾಷೆ ಎಂದು ಅಲ್ಲಿಯೇ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ಮಾತನ್ನು ಇಡೀ ಅಂಗಡಿ ಇಷ್ಟು ಗಂಭೀರವಾಗಿ ಕೇಳಿದ್ದು ಅದೇ ಮೊದಲು. ಸುಮ್ಮನೆ ಚಹಾ ಕುಡಿದೆ.

ಮುಂದಿನ ಬೇಸಿಗೆಯಲ್ಲಿ ನಾಲ್ಕು ಜನ ತಮ್ಮನ ಅಂಗಡಿಗೆ ಹೋದರು. ಹಿರಿಯನೊಬ್ಬ ಬೇಕೆಂದು ನನ್ನನ್ನೂ ಕರೆದೊಯ್ದರು. ಹೋದೆ.

"ತಪ್ಪ ತಿಳ್ಕೋಬ್ಯಾಡ್ರಿ ಕಾಕಾ, ಊರ ಮರ್ಯಾದಿ ಪ್ರಶ್ನೆ ಐತಿ" ಎಂದು ಒಬ್ಬ ಶುರು ಮಾಡಿದ. "ಆ ದಿನ ನೀವು ಯಾವಗಲ್‌ಗೆ ಹೋಗಿ ಬರ್ರಿ."

"ಅಲ್ಲಿ ಯಾರ ಟ್ರ್ಯಾಕ್ಟರ್ ಕೆಟ್ಟೈತಪಾ?"

"ಕೆಟ್ಟಿಲ್ರಿ. ಬೇಕಾದ್ರ ಕೆಡಸ್ತೀವ್ರಿ."

ತಮ್ಮ ನಕ್ಕ. ಆಮೇಲೆ ನನ್ನ ಮುಖ ನೋಡಿದ. ನಾನು ಗೋಡೆಗೆ ತೂಗು ಹಾಕಿದ್ದ ಫ್ಯಾನ್ ಬೆಲ್ಟುಗಳನ್ನು ನೋಡುತ್ತಿದ್ದೆ. "ಆತು ಬಿಡ್ರಿ" ಎಂದ.

ಯಾವಗಲ್ಲಿಗೆ ಹೋಗಿ ಬೋಲ್ಟು ಬಿಚ್ಚುವ ಪಾನಾಗಳ ಚೀಲ ತಲೆದಿಂಬು ಮಾಡಿಕೊಂಡು ಇಡೀ ದಿನ ಬೇವಿನ ಮರದ ಕೆಳಗೆ ಮಲಗಿದ್ದನಂತೆ. ಖಾಲಿಯಾದ ಅವನ ಖುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಗೆದ್ದ ವರ್ಷ ನಾನು ಅಂಗಳದಲ್ಲಿದ್ದೆ, ಹಾಗಾಗಿ ನನ್ನ ಕಾಲ್ಗುಣ ಚಲೋ ಎಂದಾಗಿತ್ತು. ಒಂದೇ ತಾಯಿ ಹೆತ್ತ ಇಬ್ಬರಲ್ಲಿ ಒಬ್ಬನ ಕಾಲು ಶುಭ, ಒಬ್ಬನದು ಅಶುಭ. ಸೆಮಿಫೈನಲ್ಲಿನಲ್ಲೇ ಸೋತೆವು. ಊರಿಗೆ ಬುದ್ಧಿ ಬಂತೇ? ಇಲ್ಲ. "ಅಲ್ಲಿ ಮಲಕೊಂಡು ಮ್ಯಾಚಿಂದ ವಿಚಾರ ಮಾಡಿರಬೇಕು ಅಂವಾ" ಎಂದರು. ಮುಂದಿನ ಸಲ ಮನಸ್ಸಿನಲ್ಲೂ ನೆನೆಯಬಾರದು ಎಂದು ಹೇಳಿ ಕಳಿಸಿದರು.

ಅದರ ಮರುವರ್ಷ ಪಂದ್ಯ ಗಜೇಂದ್ರಗಡದಲ್ಲಿ. ನಾವು ಹೇಗೋ ಫೈನಲ್ ಮುಟ್ಟಿದೆವು. ಹಿಂದಿನ ದಿನ ತಮ್ಮನ ಮಗ ನನ್ನ ಹತ್ತಿರ ಬಂದ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ.

"ದೊಡ್ಡಪ್ಪಾ, ನಾಳೆ ಅಪ್ಪನ್ನ ಕರಕೊಂಡು ಬರ್ರಿ. ನೀವು ಹೇಳಿದ್ರ ಯಾರೂ ಏನೂ ಅನ್ನಂಗಿಲ್ಲ. ಈ ಕಾಲು ಮುಂದಿನ ವರ್ಷಕ್ಕ ಬರತೈತೋ ಇಲ್ಲೋ. ಅಂವಾ ನಾ ಗೆದ್ದದ್ದ ನೋಡೇ ಇಲ್ಲ."

"ನೋಡೂಣು" ಎಂದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಖುರ್ಚಿ ಬಿಟ್ಟುಕೊಡಬೇಕಾಗುತ್ತಿತ್ತು.

ಕೋಟೆಯ ಗುಡ್ಡದ ಬುಡದ ಬಯಲಿನಲ್ಲಿ ಪಂದ್ಯ. ಬಿಸಿಲು ಇಳಿದಿರಲಿಲ್ಲ. ಎದುರಿಗೆ ಮುಶಿಗೇರಿ ಹಳ್ಳಿಯವರ ಟ್ರ್ಯಾಕ್ಟರ್ ನಿಂತಿತ್ತು, ಅದರ ಟ್ರೇಲರ್ ತುಂಬ ಜನ. ತಮ್ಮನ ಮಗ ಮೊದಲ ರೈಡಿಗೆ ಹೊರಟಾಗ ನನ್ನ ಕಣ್ಣು ಅತ್ತ ಹೋಯಿತು. ಮುಖದ ಅರ್ಧ ಮುಚ್ಚುವ ಹಾಗೆ ತಲೆಗೆ ಪಟಕಾ ಸುತ್ತಿಕೊಂಡ ಒಬ್ಬ ಮುದುಕ ಕೂತಿದ್ದ. ಸುತ್ತಲಿನವರೆಲ್ಲ ಒದರುತ್ತಿದ್ದರೆ ಅವನೊಬ್ಬ ಉಸಿರು ಕಟ್ಟಿ ಕೂತಿದ್ದ. ತುಟಿ ಆಡುತ್ತಿದ್ದವು. ಹುಡುಗ ಗೆರೆ ಮುಟ್ಟಿ ಬಂದ. ಮುದುಕನ ಭುಜಗಳು ಕೆಳಗಿಳಿದವು.

ತಮ್ಮ ಪಟಕಾ ಸುತ್ತುವವನಲ್ಲ. ಯಾರದೋ ಬೇಡಿ ತಂದಿದ್ದ.

ಅರ್ಧ ಆಟಕ್ಕೆ ನಾವು ಐದು ಪಾಯಿಂಟ್ ಹಿಂದೆ ಇದ್ದೆವು. ತಂಬಿಗೆಯವನನ್ನು ಮೊದಲೇ ಕಳಿಸಿ ಆಗಿತ್ತು, ಸ್ವೆಟರಿನ ಬೀಗರು ಬೆವರಿನಲ್ಲಿ ತೊಯ್ದಿದ್ದರು. ಉಳಿದದ್ದು ಒಂದೇ ಕಾರಣ. "ಅಂವಾ ಇಲ್ಲೇ ಎಲ್ಲೋ ಬಂದಾನ!" ಎಂದು ಯಾರೋ ಒಬ್ಬ ಕೂಗಿದ. ನಮ್ಮ ಊರಿನವರು ಆಟ ಬಿಟ್ಟು ಹುಡುಕಾಟಕ್ಕೆ ನಿಂತರು. ಬೇಲಿಯ ಹಿಂದೆ, ಚುರುಮುರಿ ಗಾಡಿಯ ಕೆಳಗೆ, ನೀರಿನ ಟ್ಯಾಂಕರಿನ ಮೇಲೆ. ಗಜೇಂದ್ರಗಡದವರು ಬಿದ್ದು ಬಿದ್ದು ನಕ್ಕರು. "ಏನ್ ಕಳಕೊಂಡೀರಿ ರೋಣದವರು, ಶೀಲ್ಡೇನು?"

ಕೊನೆಗೆ ನನ್ನ ಖುರ್ಚಿಯ ಮುಂದೆ ಬಂದು ನಿಂತರು. "ಕಾಕಾ, ನಿಮ್ಮ ತಮ್ಮನ್ನ ನೀವ ಗುರ್ತ ಹಿಡೀಬೇಕು."

ಬಂದಿಲ್ಲ ಎಂದು ಹೇಳಬಹುದಿತ್ತು. ನನಗೂ ಶೀಲ್ಡ್ ಬೇಕಾಗಿತ್ತು ಎನ್ನುವುದು ನಿಜ. ಅವನ ಕಾಲ್ಗುಣದ ಕಥೆ ಕಟ್ಟಿದವನು ನಾನೇ, ಆದರೂ ಅಷ್ಟು ಹೊತ್ತಿಗೆ ಅರ್ಧ ನಂಬಿದ್ದೆ. ಕೈ ಎತ್ತಿ ಟ್ರೇಲರಿನತ್ತ ತೋರಿಸಿದೆ.

ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮದುಮಗನನ್ನು ಇಳಿಸಿಕೊಳ್ಳುವಂತೆ ಎರಡೂ ರೆಟ್ಟೆ ಹಿಡಿದು ಇಳಿಸಿದರು. "ಬರ್ರಿ ಕಾಕಾ, ಹೊರಗ ಚಾ ಕುಡಿಯೂಣು." ತಮ್ಮ ಪಟಕಾ ಬಿಚ್ಚಿ, ನೀಟಾಗಿ ಮಡಚಿ, ಟ್ರೇಲರಿನಲ್ಲಿದ್ದ ಅದರ ಧಣಿಗೆ ಕೊಟ್ಟ. ಜನರ ನಡುವೆ ಬರಿತಲೆಯಲ್ಲಿ ನಡೆದು ಹೋದ. ಅಂಗಳದಲ್ಲಿ ಅವನ ಮಗ ಮೊಣಕಾಲಿನ ಪಟ್ಟಿ ಬಿಗಿಯುತ್ತ ಕೂತಿದ್ದವನು ತಲೆ ಎತ್ತಿದ. ಅಪ್ಪ ಹೋಗುವುದನ್ನು ನೋಡಿದ. ಆಮೇಲೆ ನನ್ನತ್ತ ನೋಡಿದ. ನನ್ನ ಕೈ ಇನ್ನೂ ಮೇಲೆಯೇ ಇತ್ತು.

ಎರಡನೆಯ ಅರ್ಧದಲ್ಲಿ ಅವನ ಮೊಣಕಾಲು ತಿರುಗಿತು. ಎತ್ತಿಕೊಂಡು ಹೊರಗೆ ತಂದರು. ಅರ್ಧ ಆಟದಲ್ಲಿ ಇದ್ದ ಅಂತರ ಎರಡು ಪಟ್ಟು ಆಗಿ ಸೋತೆವು. ಬಸ್ಸಿನಲ್ಲಿ ಬರುವಾಗ ಊರು ಕಾರಣ ಕಂಡುಹಿಡಿಯಿತು: "ಅರ್ಧ ಆಟ ನೋಡಿಬಿಟ್ಟಿದ್ನಲ್ರಿ, ಆಗೂದು ಆಗಿಹೋಗಿತ್ತು." ಆ ಖುರ್ಚಿಯಲ್ಲಿ ನಾನು ಕೂತ ಯಾವ ವರ್ಷವೂ ರೋಣ ಗೆದ್ದಿಲ್ಲ. ನನ್ನ ಕಾಲ್ಗುಣದ ಬಗ್ಗೆ ಇಲ್ಲಿಯವರೆಗೆ ಒಬ್ಬನೂ ಸೊಲ್ಲೆತ್ತಿಲ್ಲ. ಹುಡುಗ ಮತ್ತೆ ಆಡಲಿಲ್ಲ. ಅವನು ಗೆಲ್ಲುವುದನ್ನು ಅವನ ಅಪ್ಪ ನೋಡಲಿಲ್ಲ, ಇನ್ನು ನೋಡುವುದೂ ಇಲ್ಲ.

ಆ ಮಾತು ಹುಟ್ಟಿಸಿದ್ದೂ ಕೈ ತೋರಿಸಿದ್ದೂ ನಾನೇ ಎಂದು ತಮ್ಮನಿಗೆ ಹೇಳಿಕೊಂಡೆ. ತಡವಾಗಿ, ಅವನ ಅಂಗಡಿಯಲ್ಲಿ, ಅವನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದಾಗ. ಮುಖ ಕಾಣದಿದ್ದರೆ ಹೇಳುವುದು ಸುಲಭ. ಕೆಳಗಿನಿಂದ ಪಾನಾ ತಿರುಗಿಸುವ ಸದ್ದು ನಿಂತಿತು.

"ಹೋಗ್ಲಿ ಬಿಡಣ್ಣಾ. ಅರ್ಧ ಆಟ ನೋಡೇನಲ್ಲ. ಟ್ರೇಲರ್ ಮ್ಯಾಲಿಂದ ನಿನ್ನ ಖುರ್ಚಿಗಿಂತ ಚಲೋ ಕಾಣಸ್ತಿತ್ತು." ಮತ್ತೆ ಪಾನಾ ತಿರುಗಿತು.

ಅವನ ಮಗ ಈಗ ಹೈಸ್ಕೂಲ್ ಅಂಗಳದಲ್ಲಿ ಹುಡುಗರಿಗೆ ಕಬಡ್ಡಿ ಕಲಿಸುತ್ತಾನೆ. ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಾನೆ. ಈ ವರ್ಷ ಪಂದ್ಯ ನರಗುಂದದಲ್ಲಿ. ಚಹಾದಂಗಡಿಯವರು ಗಾಜು ಒರೆಸಿ ಬಿಸ್ಕೀಟು ತೆಗೆದು ಜಾಗ ಮಾಡಿದ್ದಾರೆ. ಸ್ವೆಟರು ಬಿಸಿಲಿಗೆ ಬಿದ್ದಿದೆ. ಮುಂದಿನ ಖುರ್ಚಿಗೆ ನನ್ನನ್ನೇ ಕರೆದಿದ್ದಾರೆ. ಮೊನ್ನೆ ಸಂಜೆ ತಮ್ಮನ ಮಗ ನನ್ನ ಮನೆಯ ಕಟ್ಟೆಯ ಮುಂದೆ ಬಂದು ನಿಂತ.

"ದೊಡ್ಡಪ್ಪಾ, ಈ ಸಲ ಅಪ್ಪ ಎಲ್ಲಿ ಕುಂದರಬೇಕು, ನೀವ ಹೇಳಿಬಿಡ್ರಿ. ಮೊದಲ ಹೇಳಿದ್ರ ಚಲೋ."

ದನಿಯಲ್ಲಿ ಸಿಟ್ಟು ಇರಲಿಲ್ಲ. ಅವನು ನನ್ನ ಮುಖ ನೋಡಿ ಮಾತಾಡುವುದಿಲ್ಲ, ಅಂದಿನಿಂದ ನನ್ನ ಬಲಗೈ ನೋಡಿ ಮಾತಾಡುತ್ತಾನೆ. ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಕೈಯನ್ನು ಧೋತರದ ಮಡಿಕೆಯೊಳಗೆ ಸರಿಸಿಕೊಂಡು "ನೋಡೂಣು" ಎಂದೆ. ಅವನು ತಲೆಯಾಡಿಸಿ ಹೋದ.

ನಾನು ಇನ್ನೂ ಕ್ಷಮೆ ಕೇಳದೇ ಇರುವುದು ಅವನನ್ನು, ನನ್ನ ತಮ್ಮನ ಮಗನನ್ನು.