ಕೆಂಪಿನಲ್ಲಿ ಒಂದೂ ಮಗುವಿಲ್ಲ

ನಮ್ಮ ಕಾಲೇಜಿನ ಸುದ್ದಿಪತ್ರವನ್ನು ಒಂಬತ್ತು ವರ್ಷ ನಾನೇ ಬರೆದೆ. ಹಾಸನದಲ್ಲಿರುವ ಆರೋಗ್ಯ ಮತ್ತು ಮಾನವ ವಿಜ್ಞಾನಗಳ ಕಾಲೇಜು ಅದು; ಅಲ್ಲಿ ನಾನು ಆಹಾರ ಮತ್ತು ಪೋಷಣೆಯ ಪಾಠ ಮಾಡುತ್ತೇನೆ. ಸುದ್ದಿಪತ್ರದಲ್ಲಿ ಎರಡೇ ಭಾಗ: ಸುದ್ದಿ, ಸಾಧನೆ. ಸುದ್ದಿ ಬರೆಯುವುದು ಕಷ್ಟವಲ್ಲ. ಯಾರೋ ಬಂದರು, ಭಾಷಣ ಮಾಡಿದರು, ಗಿಡ ನೆಟ್ಟರು, ಹೋದರು. ಪೀಕಲಾಟವೆಲ್ಲ ಸಾಧನೆಯದು. ಮೂರು ತಿಂಗಳಿಗೊಮ್ಮೆ ಒಂದು ಪುಟ ತುಂಬುವಷ್ಟು ಸಾಧನೆಯನ್ನು ಎಲ್ಲಿಂದ ತರುವುದು? ಹೊಳೆನರಸೀಪುರದ ಒಬ್ಬ ಹುಡುಗಿಗೆ ಪೋಸ್ಟರ್ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಬಂದಾಗ ನಾನು ಸಮಾಧಾನಕರ ಎಂಬುದನ್ನು ನುಂಗಿ ಬಹುಮಾನ ಎಂದಷ್ಟೇ ಬರೆದಿದ್ದೆ. ಅರಕಲಗೂಡಿನಿಂದ ದಿನಾ ಓಡಾಡುತ್ತಿದ್ದ ಸಹೋದ್ಯೋಗಿಯೊಬ್ಬರು ಮೈಸೂರಿನ ವಿಚಾರಸಂಕಿರಣದಲ್ಲಿ ಕೊನೆಯ ಸಾಲಿನಲ್ಲಿ ಕೂತು, ಊಟ ಮಾಡಿ ಬಂದದ್ದನ್ನು 'ಸಕ್ರಿಯವಾಗಿ ಪಾಲ್ಗೊಂಡರು' ಎಂದು ಮಾಡಿದ್ದೆ. ಓದಿ ಅವರೇ ಬಿದ್ದು ಬಿದ್ದು ನಕ್ಕರು. ನಾನು ಸುಳ್ಳು ಬರೆಯುತ್ತಿಲ್ಲ, ಇಸ್ತ್ರಿ ಮಾಡುತ್ತಿದ್ದೇನೆ ಅಷ್ಟೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಪಾಠದ ವಿಷಯದಲ್ಲಿ ಮಾತ್ರ ನಾನು ಬಲು ಖಡಕ್ಕು. ಕೋಪವೂ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲ ವರ್ಷದವರಿಗೆ ಮಗುವಿನ ತೂಕ ತೆಗೆಯುವುದನ್ನು ಕಲಿಸುವಾಗ, ಬಟ್ಟೆ ಬಿಚ್ಚಬೇಕು, ಬಳೆ, ಕಾಲುಗೆಜ್ಜೆ ಕಳಚಬೇಕು, ಆಮೇಲೆ ಮಾಪಕದ ಮೇಲೆ ನಿಲ್ಲಿಸಬೇಕು ಎಂದು ಹತ್ತು ಸಲ ಹೇಳಿಸುತ್ತೇನೆ. ಒಮ್ಮೆ ಒಂದು ತಂಡ ಸ್ವೆಟರ್ ಸಮೇತ ತೂಗಿಕೊಂಡು ಬಂದಿತ್ತು. "ಅಂಗಡೀಲಿ ಡಬ್ಬ ಸಮೇತ ತುಪ್ಪ ತೂಗಿಸ್ಕೊಂಡು ಬರ್ತೀರೇನ್ರೇ?" ಎಂದು ತರಗತಿಯ ಎದುರೇ ಜಾಡಿಸಿ, ಅಂಕ ಕತ್ತರಿಸಿದ್ದೆ. ಅವರಲ್ಲೊಬ್ಬಳು ಅತ್ತಿದ್ದಳು. ಅಳಲಿ, ಕಲಿಯುತ್ತಾಳೆ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನಮ್ಮ ವಿಭಾಗಕ್ಕೆ ಒಂದು ಯೋಜನೆ ಸಿಕ್ಕಿತು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿಗೆ ಹತ್ತಿರದ ಒಂದು ಹಳ್ಳಿಯ ಅಂಗನವಾಡಿಯಲ್ಲಿ, ರಾಗಿ, ಹೆಸರುಕಾಳು, ಕಡಲೆಕಾಯಿ ಬೀಜ ಹುರಿದು ಬೀಸಿ ಬೆಲ್ಲ ಬೆರೆಸಿದ ಹುರಿಹಿಟ್ಟನ್ನು ಮಕ್ಕಳಿಗೆ ದಿನಾ ಕೊಡುವುದು, ಮೊದಲು ಮತ್ತು ಕೊನೆಗೆ ತೂಕ ನೋಡುವುದು. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಮೂರು ಬಣ್ಣವಿರುತ್ತದೆ. ಹಸಿರಿನಲ್ಲಿದ್ದ ಮಗು ಚೆನ್ನಾಗಿದೆ, ಹಳದಿಯಲ್ಲಿದ್ದದ್ದು ಸೊರಗಿದೆ, ಕೆಂಪಿನಲ್ಲಿದ್ದದ್ದು ತೀರಾ ಸೊರಗಿದೆ. ಕೆಂಪಿನ ಮಕ್ಕಳಿಗೆ ಅಲ್ಲಿ ಹೆಚ್ಚಿನ ಮೊಟ್ಟೆ, ಹಾಲು ಕೊಡುತ್ತಾರೆ.

ಜುಲೈಯಲ್ಲಿ ನಾವು ತೂಗಿದಾಗ ಆ ಊರಿನಲ್ಲಿ ಮೂರು ಮಕ್ಕಳು ಕೆಂಪಿನಲ್ಲಿದ್ದವು. ಡಿಸೆಂಬರ್ ಹೊತ್ತಿಗೆ ಇಬ್ಬರು ನಿಜವಾಗಿ ಮೈ ತುಂಬಿಕೊಂಡಿದ್ದರು, ನೋಡಿದರೇ ಗೊತ್ತಾಗುತ್ತಿತ್ತು. ಮೂರನೆಯದು ಮೂರು ವರ್ಷದ ಒಂದು ಹೆಣ್ಣುಕೂಸು. ಅದರ ಅಮ್ಮ ತೆಂಗಿನ ನಾರಿನ ಫ್ಯಾಕ್ಟರಿಗೆ ಹೋಗುತ್ತಿದ್ದಳು, ಇಪ್ಪತ್ತೈದೂ ತುಂಬಿರದ ಹೆಂಗಸು. ಆ ಕೂಸಿಗೆ ಮೇಲಿಂದ ಮೇಲೆ ಜ್ವರ, ಭೇದಿ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಕೊನೆಯ ತೂಕದ ದಿನ ನಮ್ಮ ಡೀನ್ ಸಾಹೇಬರು ಬರುವವರಿದ್ದರು. ಫೋಟೋ ತೆಗೆಯುವವನನ್ನೂ ಗೊತ್ತು ಮಾಡಿದ್ದೆ. ಅದಕ್ಕೇ ಹಿಂದಿನ ದಿನ ಅಂಗನವಾಡಿ ಟೀಚರಿಗೆ ಫೋನ್ ಮಾಡಿ, "ಮಕ್ಕಳನ್ನ ಚೆನ್ನಾಗಿ ರೆಡಿ ಮಾಡಿ ಕರ್ಕೊಂಡು ಬರೋಕೆ ಹೇಳಿ, ಫೋಟೋ ಇದೆ" ಅಂದಿದ್ದೆ. ತೂಕದ ದಿನ ಮಕ್ಕಳನ್ನು ಸಿಂಗರಿಸಿ ತನ್ನಿ ಎಂದು ಹೇಳಿ ಕಳಿಸಿದ ಪೋಷಣೆಯ ಪ್ರಾಧ್ಯಾಪಕಿ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ತಾಯಂದಿರು ನನ್ನ ಮಾತನ್ನು ಚಾಚೂ ತಪ್ಪದೆ ನಡೆಸಿದ್ದರು. ಆ ಕೂಸಿಗೆ ಉಣ್ಣೆಯ ಸ್ವೆಟರು, ಕುಲಾವಿ, ಎರಡು ಲಂಗ, ಚಿಕ್ಕಪ್ಪನ ಮಗಳಿಂದ ಕೇಳಿ ತಂದ ಬೂಟು. ಕಾಲಿಗೂ ಕೈಗೂ ದಪ್ಪ ಬೆಳ್ಳಿ ಕಡಗ. ದಿನಾ ಇರುವ ಕರಿ ಉಡಿದಾರದ ಮೇಲೆ, ಅಜ್ಜಿ ಪೆಟ್ಟಿಗೆಯಿಂದ ತೆಗೆದುಕೊಟ್ಟ ಬೆಳ್ಳಿ ಉಡಿದಾರ. ಇಷ್ಟರ ಒಳಗೆ ಎಲ್ಲೋ ಆ ಮಗುವಿತ್ತು.

ಟೀಚರು ಹಾಗೇ ನನ್ನ ಪಕ್ಕಕ್ಕೆ ಬಂದರು. "ಮೇಡಂ, ಇವೆಲ್ಲ ಬಿಚ್ಚಿಸ್ಬುಟ್ಟು ತೂಗಾನ. ಅಂಗೇ ನಿಲ್ಸುದ್ರೆ ತೂಕ ತೆಪ್ ಬತ್ತದೆ" ಅಂದರು.

ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಬಾಗಿಲಲ್ಲಿ ಡೀನ್ ಸಾಹೇಬರು ಗಡಿಯಾರ ನೋಡುತ್ತಿದ್ದರು. ಉಳಿದ ಮಕ್ಕಳನ್ನೆಲ್ಲ ಬೆಳಗ್ಗೆಯೇ ಸರಿಯಾಗಿ ಬರಿಮೈಯಲ್ಲಿ ತೂಗಿ ಮುಗಿಸಿದ್ದೆವು; ಕ್ಯಾಮೆರಾದ ಎದುರು ಉಳಿದದ್ದು ಇದೊಂದೇ. ಮತ್ತು ಕೆಂಪಿನಲ್ಲಿದ್ದ ಉಳಿದಿಬ್ಬರು ಮಕ್ಕಳು ದಾಟಿದ್ದರಿಂದ ನನ್ನ ತಲೆಯಲ್ಲಿ ಆಗಲೇ ಒಂದು ತಲೆಬರಹ ತಯಾರಾಗಿತ್ತು.

"ಚಳಿ ಇದೆ ಟೀಚರ್, ಮಗು ಅಳುತ್ತೆ. ಬೆಳ್ಳಿ ಎಷ್ಟು ಮಹಾ ಇರುತ್ತೆ, ಬಿಡಿ" ಅಂದೆ.

ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ ನನ್ನ ವಿದ್ಯಾರ್ಥಿನಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಹೇಳಿದ ತೂಕವನ್ನು ಬರೆದುಕೊಂಡಳು. ಜುಲೈಗಿಂತ ಅರ್ಧ ಕೇಜಿಯಷ್ಟು ಹೆಚ್ಚು ಬಂದಿತ್ತು. ಕೆಂಪಿನಿಂದ ಹಳದಿಗೆ ಕೂದಲೆಳೆಯಷ್ಟು ದಾಟಿದ್ದೆವು. ಫೋಟೋ ತುಂಬ ಚೆನ್ನಾಗಿ ಬಂತು.

'ಕೆಂಪಿನಲ್ಲಿ ಒಂದೂ ಮಗುವಿಲ್ಲ' ಎಂದು ಸುದ್ದಿಪತ್ರದ ಮೊದಲ ಪುಟದಲ್ಲೇ ಹಾಕಿದೆ. ಆ ಕೂಸಿನ ಫೋಟೋ ಜೊತೆಗೆ. ವಿಶ್ವವಿದ್ಯಾಲಯದವರು ಓದಿ, ಆ ವರ್ಷದ ಉತ್ತಮ ಸೇವಾಕಾರ್ಯದ ಪ್ರಶಸ್ತಿ ನಮ್ಮ ವಿಭಾಗಕ್ಕೆ ಎಂದು ಕಾಗದ ಕಳಿಸಿದರು. ನಾನು ಹಿಗ್ಗಿದೆ ಅನ್ನುವುದು ಕಡಿಮೆ ಮಾತು. ಹೊಸ ಸೀರೆಗೆ ರವಿಕೆ ಹೊಲಿಯಲು ಕೊಟ್ಟೆ.

ಪ್ರಶಸ್ತಿ ಕೊಡುವುದಕ್ಕೆ ಎರಡು ವಾರವಿತ್ತು. ಟೀಚರ ಫೋನು ಬಂತು.

"ಮೇಡಂ, ಆ ಮಗೀಗೆ ಮೊಟ್ಟೆ, ಹಾಲು ನಿಂತೋಗದೆ. ಪಟ್ಟೀಲಿ ಹಳದಿ ಬಂದದಲ್ಲ, ಅದ್ಕೆ. ನಾನು ತಿರ್ಗ ತೂಗ್ದೆ, ಕೆಂಪ್ನಲ್ಲೇ ಅದೆ. ಮ್ಯಾಲಿನೋರು ಒಪ್ತಿಲ್ಲ. ಕಾಲೇಜ್ನೋರೇ ತೂಗಿ ಪೇಪರ್ನಾಗೆ ಹಾಕವ್ರೆ, ನಿಂದೇ ತೆಪ್ಪಿರ್ಬೇಕು ಅಂತಾರೆ. ನೀವೊಂದ್ ಕಿತ ಬಂದು ತೂಗಿ ಬರ್ಕೊಟ್ರೆ ಸಾಕು."

"ಬರ್ತೀನಿ ಟೀಚರ್, ಪರೀಕ್ಷೆ ಕೆಲಸ ಸ್ವಲ್ಪ ಮುಗೀಲಿ" ಅಂದೆ. ಪರೀಕ್ಷೆ ಕೆಲಸವೇನೂ ಇರಲಿಲ್ಲ. ಮರುದಿನ ಬೆಳಗ್ಗೆ ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು ಬರಬಹುದಿತ್ತು. ಆದರೆ ಆಗ ತೂಗಿ ಬರೆದುಕೊಟ್ಟು, ಅದು ಪ್ರಶಸ್ತಿಯವರ ಕಿವಿಗೆ ಬಿದ್ದರೆ? ಹದಿನಾಲ್ಕು ದಿನ ಸುಮ್ಮನಿದ್ದೆ. ಆ ಹದಿನಾಲ್ಕು ದಿನವೂ ಆ ಕೂಸಿಗೆ ಮೊಟ್ಟೆಯಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಬೆಳಗ್ಗೆ ಮೊಟ್ಟೆ ಬೇಯುವ ಹೊತ್ತಿಗೆ ನೆನಪಾಗುತ್ತಿತ್ತು. ತಿನ್ನುವುದನ್ನೇನೂ ನಾನು ಬಿಡಲಿಲ್ಲ. ಪ್ರಶಸ್ತಿಯ ದಿನ ಶಾಲು ಹೊದಿಸಿಕೊಂಡೆ, ಹಣ್ಣಿನ ಬುಟ್ಟಿ ತೆಗೆದುಕೊಂಡೆ, ವೇದಿಕೆಯ ಮೇಲೆ ನಿಂತು ಗ್ರಾಮೀಣ ತಾಯಂದಿರ ಬಗ್ಗೆ ಗದ್ಗದಿತಳಾಗಿ ಎರಡು ಮಾತಾಡಿದೆ. ಇವತ್ತಿಗೂ ಆ ಎರಡು ಮಾತು ನೆನಪಾದರೆ, ಒಬ್ಬಳೇ ಇದ್ದರೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಅದಾದ ಮೂರನೇ ದಿನ ಹೋದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ, ಬಾಗೂರಿನಲ್ಲಿಳಿದು, ಆಟೋದಲ್ಲಿ ಆ ಹಳ್ಳಿಗೆ. ಟೀಚರು ಅಂಗನವಾಡಿಯ ಬಾಗಿಲಲ್ಲೇ ಕಾಯುತ್ತಿದ್ದರು. ಯಾಕೆ ತಡವಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ತಾಯಿ ಅರ್ಧ ದಿನದ ಕೆಲಸ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದಳು. ನನ್ನನ್ನು ನೋಡಿ ಮುಖ ಅರಳಿಸಿದಳು. "ನೀವು ಆಕಿದ್ ಪೋಟಾನ ದೇವ್ರ ಪಟದ್ ತಾವ ಅಂಟ್ಸಿವ್ನಿ ಮೇಡಂ. ಬಂದೋರ್ಗೆಲ್ಲ ತೋರುಸ್ತೀನಿ" ಅಂದಳು. ನಾನು ಮಾಪಕದ ಕಡೆ ತಿರುಗಿ, ಸರಿಯಾಗಿದ್ದ ಅದನ್ನು ಇನ್ನೊಮ್ಮೆ ಸರಿ ಮಾಡಿದೆ.

ಈ ಸಲ ಎಲ್ಲ ಬಿಚ್ಚಿಸಿದೆ. ಮಗುವಿನ ಪಕ್ಕೆಲುಬು ಎಣಿಸುವಂತಿತ್ತು. ಹೊಟ್ಟೆ ಮಾತ್ರ ಬಿಗಿದುಕೊಂಡು ಮುಂದೆ ಬಂದಿತ್ತು. ಮಾಪಕದ ಮೇಲೆ ನಿಲ್ಲಿಸಲು ಎತ್ತಿದರೆ, ಕೂಸು ತಾಯಿಯ ಸೆರಗು ಹಿಡಿದು ಅಳತೊಡಗಿತು. "ಇನ್ನ ನೀರ್ ಬ್ಯಾಡ ಕಣವ್ವ, ಬ್ಯಾಡ."

ತಾಯಿಯ ಮುಖ ಇಳಿದುಹೋಯಿತು. ಏನು ನೀರು ಎಂದು ಟೀಚರು ಕೇಳಿದರು. ತಾಯಿ ನೆಲ ನೋಡುತ್ತ ಹೇಳಿದಳು. ಮನೆಯಿಂದ ಹೊರಡುವ ಮೊದಲು ದೊಡ್ಡ ಲೋಟದಲ್ಲಿ ಒಂದರ ಮೇಲೊಂದು ನೀರು ಮಜ್ಜಿಗೆ ಕುಡಿಸಿದ್ದಳು.

"ತೂಕ ಕಮ್ಮಿ ಬಂದ್ರೆ ಮೇಡಂ ಬರ್ದಿರದು ಸುಳ್ಳಾಯ್ತದಲ್ಲ ಟೀಚರ್, ಅವ್ರಿಗೆ ತೊಂದ್ರೆ ಆಗ್ಬಾರ್ದು ಅಂತ ಕುಡ್ಸ್ದೆ."

"ಕಮ್ಮಿ ಬಂದ್ರೆ ತಾನೆ ಮೊಟ್ಟೆ ಸಿಕ್ಕಾದು, ಯೋಳಿರ್ನಿಲ್ವಾ ನಿಂಗೆ?" ಎಂದು ಟೀಚರು ಗದರಿದರು.

"ಯೋಳಿದ್ರಿ. ಆದ್ರೂ ಅವ್ರ ಎಸ್ರಿನ್ ಪ್ರಶ್ನೆ ಅಲ್ವಾ."

ಒಂದು ಗಂಟೆ ಕಾದೆವು. ಮಗು ಎರಡು ಸಲ ಹೊರಗೆ ಹೋಗಿ ಬಂತು, ಮತ್ತೆ ತೂಗಿದೆವು. ಕೆಂಪು. ಜುಲೈಯಲ್ಲಿ ಎಲ್ಲಿತ್ತೋ ಅದಕ್ಕಿಂತ ನೂರು ಗ್ರಾಂ ಕೆಳಗೆ.

ಟೀಚರು ಕಾಲೇಜಿನ ಹೆಸರಿರುವ ಕಾಗದ ಕೇಳಿದರು. ತಂದಿದ್ದೆ. ಪೆನ್ನು ತೆರೆದು ಕೂತೆ. ಡಿಸೆಂಬರಿನ ತೂಕ ತಪ್ಪಾಗಿತ್ತು ಎಂದು ಬರೆಯಬೇಕಿತ್ತು, ಮೂರು ಪದ. ಬರೆದದ್ದು ಹೀಗೆ: 'ಡಿಸೆಂಬರಿನ ನಂತರ ಮಗು ತೂಕ ಕಳೆದುಕೊಂಡಿರುವುದರಿಂದ ಹೆಚ್ಚುವರಿ ಆಹಾರವನ್ನು ಮತ್ತೆ ಕೊಡಲು ಶಿಫಾರಸು ಮಾಡಿದೆ.' ಸಹಿ ಹಾಕಿದೆ. ಟೀಚರು ಕಾಗದ ಓದಿ, ಮೊಟ್ಟೆ, ಹಾಲು ನಾಳೆಯಿಂದಲೇ ಶುರು ಮಾಡುತ್ತೇನೆ ಎಂದು ಮಡಿಸಿಕೊಂಡರು. ಓದುವಾಗ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ.

ಏನು ಬರೆದಿರಿ ಎಂದು ತಾಯಿ ಕೇಳಿದಳು.

"ಮಗು ಸ್ವಲ್ಪ ಇಳಿದುಹೋಗಿದೆ ಅಂತ ಬರ್ದಿದೀನಮ್ಮ" ಅಂದೆ.

ಅವಳ ಕಣ್ಣಲ್ಲಿ ನೀರು ಬಂತು. ಮಗುವಿಗೆ ಲಂಗ ಹಾಕುತ್ತಿದ್ದ ಕೈ ನಿಂತಿತು. "ನಾನೇ ಸರ್ಯಾಗ್ ಉಣ್ಸ್ನಿಲ್ಲ ಕಣ್ ಮೇಡಂ. ಬೆಳ್ಗೆ ಕೆಲ್ಸುಕ್ ಓದ್ರೆ ಸಂಜಿಗ್ ಬತ್ತೀನಿ. ನೀವು ಅಷ್ಟ್ ಕಷ್ಟಪಟ್ಟು ಮ್ಯಾಕೆ ತಂದಿದ್ರಿ, ನಾನು ಇಳ್ಸ್ಬುಟ್ಟೆ. ನನ್ನಿಂದ ತೆಪ್ಪಾಯ್ತು."

ತಪ್ಪು ನಿನ್ನದಲ್ಲಮ್ಮ, ನನ್ನದು ಎನ್ನುವ ಮಾತು ನಾಲಿಗೆಯವರೆಗೂ ಬಂತು. ಟೀಚರು ನನ್ನ ಬಾಯನ್ನೇ ನೋಡುತ್ತಿದ್ದರು.

"ಹೋಗ್ಲಿ ಬಿಡಮ್ಮ," ಅಂದೆ, "ಇನ್ನು ಮೇಲಾದ್ರೂ ಸರಿಯಾಗಿ ನೋಡ್ಕೋ."

ಅವಳು ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.